ಮಲಗಿದ್ದ ಗೊಂಬೆಗಳ ವೆಬ್‌ಸೈಟು

ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು, ಹಾಲು ಕಾಯಿಸಿದ್ದು, ರಾತ್ರಿ ಉಳಿದ ಅನ್ನಕ್ಕೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದ್ದು, ಹೆಬ್ಬಾಳದ ಕಾರ್ಖಾನೆಯಿಂದ ನೈಟ್ ಶಿಫ್ಟ್ ಮುಗಿಸಿ ಬಂದ ಯಜಮಾನರಿಗೆ ಅದನ್ನು ಬಡಿಸಿದ್ದು, ಅವರು ಮಲಗಿದ ಮೇಲೆ ಬಾಗಿಲ ಮೊಳೆಗೆ ಸ್ಲೇಟು ತಗುಲಿಹಾಕಿದ್ದು, ದಾರಿಯಲ್ಲಿ ಹುಣಸೆಹಣ್ಣು ಕೊಂಡಿದ್ದು, ತರಬೇತಿ ಕೇಂದ್ರದ ಬೀಗ ತೆಗೆದು ಕಂಪ್ಯೂಟರುಗಳ ಮೇಲಿನ ಹೊದಿಕೆ ಮಡಿಸಿಟ್ಟಿದ್ದು, ಮೋಡೆಮ್ ಮೇಲಿನ ಧೂಳು ಒರೆಸಿದ್ದು, ಬೆಳಗಿನ ಬ್ಯಾಚಿಗೆ ಇಂಟರ್ನೆಟ್ಟಿನ ಮೊದಲ ಪಾಠ ಮಾಡಿದ್ದು. 2002ನೇ ಇಸವಿಯ ಶ್ರಾವಣದ ಒಂದು ಮಂಗಳವಾರ, ಮಧ್ಯಾಹ್ನದೊಳಗೆ, ನಾನು ಮಾಡಿದ ಕೆಲಸಗಳು ಇವು. ನನ್ನ ವೃತ್ತಿಯಲ್ಲಿ ಇಂದಿಗೂ ನೆನೆದು ಖುಷಿಪಡುವ ಕೆಲಸ ಬಂದದ್ದು ಇವೆಲ್ಲ ಮುಗಿದ ಮೇಲೆ, ಒಂದು ಬಟ್ಟೆ ಚೀಲದಲ್ಲಿ.

ಆಗ ನಾನು ಚಾಮರಾಜಪುರಂನ ಒಂದು ಮಹಿಳಾ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬೋಧಕಿ. ಹೆಸರು ಶಿವಲೀಲಾ ಆದರೂ ಬೀದಿಗೆಲ್ಲ ನಾನು ಟೀಚರಮ್ಮ. ಟೈಪಿಂಗ್ ಕಲಿಸುವುದು ಸುಲಭವಿತ್ತು, ಬೆರಳಿಗೆ ಕೆಲಸ ಕೊಟ್ಟರೆ ಆಯಿತು. ಇಂಟರ್ನೆಟ್ ಕಲಿಸುವುದೇ ಕಷ್ಟ, ಏಕೆಂದರೆ ಅದರ ಮಾತುಗಳೆಲ್ಲ ಕಣ್ಣಿಗೆ ಕಾಣದ ವಸ್ತುಗಳ ಹೆಸರು. ಆದ್ದರಿಂದ ಎಲ್ಲವನ್ನೂ ಮನೆಯೊಳಗಿನ ಸಾಮಾನಿಗೆ ಹೋಲಿಸಿ ಹೇಳುತ್ತಿದ್ದೆ. ಸರ್ವರ್ ಎಂದರೆ ದೂರದ ಊರಿನಲ್ಲಿರುವ, ಎಂದೂ ಬಾಗಿಲು ಹಾಕದ ಉಗ್ರಾಣ. ಅಲ್ಲಿಂದ ಬೇಕಾದ್ದನ್ನು ಮನೆಗೆ ತಂದುಕೊಳ್ಳುವುದು ಡೌನ್‌ಲೋಡ್, ಮನೆಯದನ್ನು ಒಯ್ದು ಅಲ್ಲಿಡುವುದು ಅಪ್‌ಲೋಡ್. ಬ್ರೌಸರ್ ಎಂದರೆ ಆ ಉಗ್ರಾಣದೊಳಗೆ ಇಣುಕುವ ಕಿಟಕಿ. ಲಿಂಕ್ ಎಂದರೆ ಒಂದು ಮನೆಯ ಹಿತ್ತಿಲಿನಿಂದ ಪಕ್ಕದ ಮನೆಯ ಹಿತ್ತಿಲಿಗೆ ಬಿಟ್ಟ ಸಣ್ಣ ಬಾಗಿಲು.

ಈ ಪಾಠವನ್ನು ಹೊರಗಿನ ಜಗುಲಿಯಲ್ಲಿ ಕೂತು ಒಬ್ಬರು ಕೇಳಿಸಿಕೊಂಡಿದ್ದರು. ಹುಡುಗಿಯರೆಲ್ಲ ಹೋದ ಮೇಲೆ ಒಳಗೆ ಬಂದರು.

"ಟೀಚರಮ್ಮ, ಆ ಉಗ್ರಾಣ ಅಂದ್ರಲ್ಲ, ಅದ್ರೊಳಗೆ ನಮ್ ಗೊಂಬೆ ಇಡಾಕಾಯ್ತದಾ?"

ಅವರು ದೇವೀರಮ್ಮ. ಹಿಂದಿನ ಓಣಿಯವರು. ವರುಣ ಗ್ರಾಮದ ಕಡೆಯ ಒಕ್ಕಲು ಮನೆತನ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನೆರೆಯ ಅಜ್ಜಿಯೊಬ್ಬರಿಂದ ಪಟ್ಟದ ಗೊಂಬೆಗೆ ಉಡಿಸುವುದನ್ನು ಕಲಿತವರು. ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿ ನಿಲ್ಲುವ ಮರದ ರಾಜ, ರಾಣಿಯ ಜೋಡಿಗೆ ಪಟ್ಟದ ಗೊಂಬೆ ಎನ್ನುತ್ತಾರೆ. ಬರಿಮೈಯ ಮರದ ಗೊಂಬೆ ತಂದು ರೇಷ್ಮೆ ನೆರಿಗೆ, ಜರಿ ಪೇಟ, ಮಣಿಯ ಸರ, ಡಾಬು ಎಲ್ಲ ಕೂಡಿಸಿ ಒಂದು ಜೋಡಿ ಸಿದ್ಧಮಾಡಲು ದೇವೀರಮ್ಮನಿಗೆ ವಾರ ಹಿಡಿಯುತ್ತಿತ್ತು. ಯುಗಾದಿಯಿಂದ ಶುರುಮಾಡಿದರೆ ಶ್ರಾವಣದ ಹೊತ್ತಿಗೆ ಹದಿನೆಂಟು ಜೋಡಿ. ಎಲ್ಲವನ್ನೂ ಪೇಟೆಯ ಒಬ್ಬ ಅಂಗಡಿಯವರು ಕೊಳ್ಳುತ್ತಿದ್ದರು. ಆ ವರ್ಷ ಬೇಡವೆಂದಿದ್ದರು.

"ಅಚ್ಚಿನ ಗೊಂಬೆ ಬಂದವಂತೆ. ಬಣ್ಣದಲ್ಲೇ ಸೀರೆ ಬರ್ದ್‌ಬುಟ್ಟವ್ರೆ, ಉಡಿಸೋ ಕೆಲ್ಸಾನೇ ಇಲ್ಲ ಅಂದ್ರು ಸಾವ್ಕಾರ್ರು. ಬಣ್ಣದ್ ಸೀರೆ ಉಟ್ಕಂಡ್ ಯಾವ್ ರಾಣಿ ಪಟ್ಟಕ್ ಬತ್ತಾಳೆ ಏಳಿ."

ಚೀಲದಿಂದ ಒಂದು ಜೋಡಿ ತೆಗೆದು ಮೇಜಿನ ಮೇಲೆ ಮಲಗಿಸಿದರು. ರಾಣಿಯ ಸೆರಗಿನ ನೆರಿಗೆ ಅಗರಬತ್ತಿ ಕಡ್ಡಿಗಿಂತ ಸಣ್ಣಗಿತ್ತು.

ಅವರ ಕಷ್ಟ ಸರಳವಾದದ್ದು. ಗೊಂಬೆಗಳು ಮಹಾಲಯ ಅಮಾವಾಸ್ಯೆಯೊಳಗೆ ಮನೆ ಮನೆ ಸೇರಬೇಕು. ನವರಾತ್ರಿ ಕಳೆಯಿತೆಂದರೆ ಒಂದು ವರ್ಷ ಯಾರೂ ಕೇಳುವುದಿಲ್ಲ, ಅಷ್ಟರಲ್ಲಿ ರೇಷ್ಮೆಯ ನೆರಿಗೆ ಕೂತುಹೋಗುತ್ತದೆ. ಈ ಹದಿನೆಂಟು ಜೋಡಿ ಉಳಿದರೆ ಮುಂದಿನ ಯುಗಾದಿಗೆ ರೇಷ್ಮೆ ತರುವ ದಾರಿಯಿಲ್ಲ. ಹೆಬ್ಬಾಳದ ಒಂದು ಘಟಕದಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಅವರ ನಾದಿನಿ ಮಾತಾಡಿಟ್ಟಿದ್ದರು. ದಸರೆ ಕಳೆದ ಮೇಲೆ ಸೇರಬಹುದು. ಸೇರಿದರೆ ಗೊಂಬೆ ಉಡಿಸುವ ಕೆಲಸ ಅಲ್ಲಿಗೆ ಮುಗಿಯಿತು.

"ಇಡಬಹುದು ದೇವೀರಕ್ಕ," ಎಂದೆ. "ಗೊಂಬೆ ಇಲ್ಲೇ ಇರುತ್ತೆ, ಅದರ ಪಟ ಉಗ್ರಾಣದಲ್ಲಿರುತ್ತೆ. ನಾಗಪುರದವರು ನಾಗಪುರದಲ್ಲೇ ಕೂತು ನೋಡಬಹುದು."

"ನೋಡಿ?"

"ಬೇಕು ಅಂತ ಬರೀತಾರೆ. ನೀವು ಕಳಿಸ್ತೀರಿ."

"ಮುಟ್ಟಿ ನೋಡ್ದೆ ಯಾರ್ ತಗತಾರೆ ಕಣಮ್ಮ," ಎಂದವರೇ, ಬೇರೆ ದಾರಿ ಇಲ್ಲದ್ದರಿಂದ, ಸೆರಗು ಸಿಕ್ಕಿಸಿ ಕೂತರು.

ಇಂದು ಇ-ಕಾಮರ್ಸ್ ಎಂದರೆ ಬೆರಳ ತುದಿಯ ಕೆಲಸ. ಅಂದು ಹಾಗಿರಲಿಲ್ಲ. ಡಯಲ್-ಅಪ್ ಎಂಬ ಸಂಪರ್ಕ ಟೆಲಿಫೋನ್ ತಂತಿಯ ಮೇಲೆ ಬರುತ್ತಿತ್ತು; ಮೋಡೆಮ್ ಕೀಚಲು ದನಿಯಲ್ಲಿ ಕೂಗಿ ಕೂಗಿ ಆಚೆಯವರನ್ನು ಎಬ್ಬಿಸಬೇಕಿತ್ತು. ಡಿಜಿಟಲ್ ಕ್ಯಾಮೆರಾ ನಮ್ಮ ಕೈಗೆಟುಕದ ಮಾತು. ಆದ್ದರಿಂದ ರಸ್ತೆಯ ಸ್ಟುಡಿಯೋದ ಪ್ರಕಾಶನನ್ನು ಕರೆಸಿ ಫಿಲಂನಲ್ಲೇ ಫೋಟೋ ತೆಗೆಸಿ, ಪ್ರಿಂಟುಗಳನ್ನು ಸ್ಕ್ಯಾನರ್‌ಗೆ ಹಾಕಿ ಕಂಪ್ಯೂಟರಿಗೆ ತಂದುಕೊಳ್ಳುವುದೆಂದು ಗೊತ್ತುಮಾಡಿದೆ.

ಪ್ರಕಾಶ ಬಂದವನೇ ರಾಜನನ್ನು ಎತ್ತಿ ನಿಲ್ಲಿಸಲು ಹೋದ. ದೇವೀರಮ್ಮ ಅವನ ಕೈ ಹಿಡಿದುಕೊಂಡರು.

"ಮಲಗ್ಸು. ಪಾಡ್ಯಕ್ ಮುಂಚೆ ನಿಲ್ಲಿಸೋ ಅಂಗಿಲ್ಲ."

"ಮಲಗಿಸ್ಕೊಂಡು ಫೋಟೋ ಎಂಗಮ್ಮ ತೆಗೀಲಿ?"

"ನೀನ್ ಸ್ಟೂಲ್ ಅತ್ತು. ನಿನ್ ಮದ್ವೆಗ್ ಮುಂಚೆ ನಿನ್ನ ಯಾರಾನ ಅಸೆಮಣೆ ಮೇಲ್ ಕೂರ್ಸಿದ್ರಾ?"

"ನಂಗಿನ್ನೂ ಮದ್ವೇನೇ ಆಗಿಲ್ಲ."

"ಅದ್ಕೇ ಗೊತ್ತಿಲ್ಲ ನಿಂಗೆ."

ಅದು ಆ ಅಜ್ಜಿ ಕಲಿಸಿದ ಕಟ್ಟಳೆ. ಉಡಿಸುವಾಗ ಗೊಂಬೆ ಮಡಿಲಲ್ಲಿ ಮಲಗಿರಬೇಕು, ಪೆಟ್ಟಿಗೆಯಲ್ಲಿ ಮಲಗಿರಬೇಕು, ಅಂಗಡಿಯಲ್ಲೂ ಮಲಗಿರಬೇಕು. ನವರಾತ್ರಿಯ ಪಾಡ್ಯದ ದಿನ ಕೊಂಡವರ ಮನೆಯಲ್ಲೇ ಅದು ಮೊದಲ ಸಲ ಎದ್ದು ನಿಲ್ಲಬೇಕು. ವಿಜಯದಶಮಿ ಸಂಜೆ ಮತ್ತೆ ಮಲಗಿಸಬೇಕು. ಆ ಅಂಗಡಿಗೆ ಬರುತ್ತಿದ್ದವರಿಗೆಲ್ಲ ಇದು ಗೊತ್ತು. ಬಗ್ಗಿ ಪೆಟ್ಟಿಗೆಯೊಳಗೆ ನೋಡಿ, ಕೈಯಾಡಿಸಿ, ಕೊಂಡುಹೋಗುತ್ತಿದ್ದರು. ನನಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪ್ರಕಾಶ ಸ್ಟೂಲು ಹತ್ತಿ, ಮೇಲಿನಿಂದ, ಹದಿನೆಂಟು ಜೋಡಿಗಳ ಫೋಟೋ ತೆಗೆದ.

ಪುಕ್ಕಟೆ ಜಾಗ ಕೊಡುವ ಒಂದು ಸರ್ವರಿನಲ್ಲಿ ಹೆಸರು ನೋಂದಾಯಿಸಿದೆ. ಮೊದಲು ತೆರೆಯುವ ಪುಟಕ್ಕೆ ಹೋಮ್ ಪೇಜ್ ಎನ್ನುತ್ತಾರೆ, ಮನೆಯ ಹಜಾರವಿದ್ದಂತೆ. ಅಲ್ಲಿ ಹದಿನೆಂಟು ಸಣ್ಣ ಪಟ. ಒಂದರ ಮೇಲೆ ಕ್ಲಿಕ್ ಮಾಡಿದರೆ ದೊಡ್ಡದು ತೆರೆಯಬೇಕು. ಕೆಳಗೆ ಹೆಸರು, ವಿಳಾಸ ತುಂಬುವ ಆರ್ಡರ್ ಫಾರ್ಮ್. ಪುಟದ ತುದಿಯಲ್ಲಿ ಹಿಟ್ ಕೌಂಟರ್, ಅಂದರೆ ಎಷ್ಟು ಸಲ ಯಾರು ಬಂದು ಇಣುಕಿದರೂ ಎಣಿಸುವ ಯಂತ್ರ. ಹೊರ ರಾಜ್ಯಗಳ ಕನ್ನಡಿಗರು ಸೇರಿಕೊಂಡಿದ್ದ ಒಂದು ಇ-ಮೇಲ್ ಗುಂಪಿಗೆ ನಮ್ಮ ಪುಟದ ಲಿಂಕ್ ಕಳಿಸಿದೆ.

ಕೌಂಟರ್ ಏರತೊಡಗಿತು. ದೇವೀರಮ್ಮ ದಿನಾ ಬಂದು ನೋಡುವರು. "ನೆನ್ನೆಗಿಂತ ಜಾಸ್ತಿ ಆಗೈತೆ ಕಣಮ್ಮ," ಎಂದು ಓಣಿಗೆಲ್ಲ ಹೇಳುವರು. ಅದರಲ್ಲಿ ಬಹಳಷ್ಟು ನಾವೇ ಎಂದು ನನಗೆ ಹೊಳೆದದ್ದು ತಡವಾಗಿ. ಪುಟವನ್ನು ಹೊಸದಾಗಿ ತರಿಸಿಕೊಳ್ಳುವುದಕ್ಕೆ ರಿಫ್ರೆಶ್ ಎನ್ನುತ್ತಾರೆ. ಯಾರಾದರೂ ಬಂದರೇನೋ ಎಂದು ನಾವು ರಿಫ್ರೆಶ್ ಒತ್ತಿದ ಪ್ರತಿ ಸಲವೂ ಅದು ನಮ್ಮನ್ನೇ ಹೊಸ ಗಿರಾಕಿಯೆಂದು ಎಣಿಸುತ್ತಿತ್ತು.

"ಅಂದ್ರೆ ನಮ್ ಅಂಗ್ಡಿಗೆ ನಾವೇ ಓಗಿ ಓಗಿ ಬಂದಂಗಾಯ್ತು," ಎಂದು ಅವರು ನಕ್ಕರು. ಆದರೆ ಗೌರಿ ಹಬ್ಬ ಹತ್ತಿರ ಬಂದರೂ ಒಂದು ಆರ್ಡರ್ ಇರಲಿಲ್ಲ. ಹಬ್ಬ ಕಳೆದರೆ ಪಿತೃಪಕ್ಷ, ಆಗ ಹೊಸದನ್ನು ಯಾರೂ ಕೊಳ್ಳರು. ನಮಗೆ ಉಳಿದಿದ್ದು ಕೆಲವೇ ದಿನ.

ಆಗ ಎರಡು ಇ-ಮೇಲ್ ಬಂದವು. ಮೊದಲನೆಯದು ನಾಗಪುರದ ಒಬ್ಬ ಗೃಹಿಣಿಯದು: ಗೊಂಬೆಗಳ ಪೀಠ ಮುರಿದಿದೆಯೇ, ನಿಲ್ಲದ ಗೊಂಬೆಯನ್ನು ಯಾಕೆ ಮಾರುತ್ತೀರಿ? ಎರಡನೆಯದು ರಾಯಪುರದ ಒಬ್ಬ ತಂದೆಯದು. ಅವರು ಬರೆದಿದ್ದು ಹೀಗೆ: ನಿಮ್ಮ ಪುಟ ತೆರೆದಾಗ ನನ್ನ ಚಿಕ್ಕ ಮಗಳು ಪಕ್ಕದಲ್ಲಿದ್ದಳು, ರಾಜ ರಾಣಿ ಸತ್ತುಹೋಗಿದ್ದಾರಾ ಎಂದು ಅಳುತ್ತಿದ್ದಾಳೆ, ಏನು ಹೇಳಲಿ?

ಇದನ್ನು ಓದಿ ಹೇಳಿದಾಗ ದೇವೀರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಬುಡ್ತು ಅನ್ನಿ ಟೀಚರಮ್ಮ. ಮೊದ್ಲು ಬುಡ್ತು ಅನ್ನಿ."

ಬಿಡ್ತು ಎಂದೆ. ಆಮೇಲೆ ಮೆಲ್ಲಗೆ ಕೇಳಿದೆ. "ಒಂದೇ ಒಂದು ಜೋಡಿ ನಿಲ್ಲಿಸೋಣ ಅಕ್ಕ. ಫೋಟೋ ತೆಗೆದ ತಕ್ಷಣ ಮಲಗಿಸಿಬಿಡೋಣ. ನೋಡೋರಿಗೆ ಅನುಮಾನ ಹೋಗುತ್ತೆ."

"ನಿದ್ದೆಗಣ್ಣಲ್ ಎಬ್ಸಿ, ಪಟ ಇಡ್ಸಿ, ತಿರ್ಗಾ ಮಲಗ್ಸದಾ? ಶಿಫ್ಟ್ ಮುಗ್ಸಿ ಮಲಗಿರೋ ನಿಮ್ ಯಜಮಾನ್ರನ್ನ ಅಂಗ್ ಎಬ್ಸಿ ನೋಡಿ, ಏನಂತರೆ ಅಂತ."

"ಗೊಂಬೆ ಉಳಿದ್ರೆ ಏನು ಮಾಡ್ತೀರಿ?"

"ಪ್ಯಾಕಿಂಗ್‌ಗೆ ಓಯ್ತೀನಿ. ಇಷ್ಟ್ ವರ್ಸ ಇವ್ರನ್ನ ಮಡ್ಲಲ್ ಮಲಗಿಸ್ಕಂಡು ಅನ್ನ ಉಂಡಿವ್ನಿ. ಉಣ್ಣಾಕ್ಕೋಸ್ಕರ ಎಬ್ಸಕಿಲ್ಲ." ಚೀಲ ತೆಗೆದುಕೊಂಡು ಹೊರಟೇಬಿಟ್ಟರು. ಮಾರನೆಯ ದಿನ ಬರಲಿಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ನಮ್ಮ ಬೀದಿಯ ತಿರುವಿನಲ್ಲಿ ಗ್ಯಾಸಿನವನು ಮನೆ ಮನೆಗೂ ಸಿಲಿಂಡರ್ ಉರುಳಿಸುತ್ತ, ಗೇಟು ಬಡಿಯುತ್ತ ಬರುತ್ತಿದ್ದ. ನಮ್ಮ ಬಾಗಿಲಿಗೆ ಬಂದವನು ಬೆಲ್ಲಿಗೆ ಕೈಯೆತ್ತಿ, ಸ್ಲೇಟು ಓದಿ, ಕೈ ಇಳಿಸಿದ. ಸಿಲಿಂಡರನ್ನು ಕೂಸನ್ನೆತ್ತಿದ ಹಾಗೆ ಎತ್ತಿ ಜಗುಲಿಯ ಮೇಲೆ ಸದ್ದಿಲ್ಲದೆ ಇಟ್ಟ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ "ಮಲಗವ್ರೆ ಕಣಕ್ಕ," ಎಂದ. ನನ್ನ ಗಂಡ ಮಲಗಿರುವುದನ್ನು ನನಗೇ ಹೇಳಿ ಹೋದ.

ನಾನು ಬಾಗಿಲಲ್ಲೇ ನಿಂತು ಸ್ಲೇಟು ನೋಡಿದೆ. 'ನೈಟ್ ಶಿಫ್ಟ್. ಮಲಗಿದ್ದಾರೆ. ಬೆಲ್ ಒತ್ತಬೇಡಿ.' ಹಾಡಹಗಲಲ್ಲಿ ಗಂಡಸೊಬ್ಬ ಮಲಗಿದ್ದರೆ, ಕಾರಣ ತಿಳಿಯದವರು ಕಾಯಿಲೆ ಎನ್ನುತ್ತಾರೆ, ಇಲ್ಲ ಸೋಮಾರಿ ಎನ್ನುತ್ತಾರೆ. ಒಂದು ಸಾಲು ಬರೆದಿಟ್ಟರೆ ದಾರಿಹೋಕರೂ ಕಾವಲು ಕಾಯುತ್ತಾರೆ. ನಾವು ಗೊಂಬೆಗಳ ಬಾಗಿಲಿಗೆ ಸ್ಲೇಟನ್ನೇ ಹಾಕಿರಲಿಲ್ಲ.

ಉಣ್ಣದೆ ದೇವೀರಮ್ಮನ ಮನೆಗೆ ಹೋದೆ. ಅವರು ಜೋಡಿಗಳನ್ನು ಹಳೆಯ ಪಂಚೆಯಲ್ಲಿ ಸುತ್ತುತ್ತಿದ್ದರು.

"ಎಬ್ಬಿಸೋದು ಬೇಡ ಅಕ್ಕ. ಮಲಗಿದ್ದಾರೆ ಅಂತ ಹೇಳೋಣ."

"ಮಲಗಿರೋದ್ ಕಾಣಕಿಲ್ವಾ ಅವ್ರಿಗೆ?"

"ಕಾಣುತ್ತೆ. ಯಾಕೆ ಅಂತ ಕಾಣಲ್ಲ. ನೀವು ಹೇಳಿ, ನಾನು ಬರೀತೀನಿ."

ಆ ಕಾಲದಲ್ಲಿ ಕನ್ನಡವನ್ನು ಟೈಪ್ ಮಾಡಿ ಹಾಕಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಅಕ್ಷರಗಳ ಬದಲು ಚೌಕಾಕಾರದ ಪೆಟ್ಟಿಗೆಗಳು ಕಾಣುತ್ತಿದ್ದವು. ಆದ್ದರಿಂದ ಕೈಯಲ್ಲೇ ಬರೆದು, ಆ ಹಾಳೆಯನ್ನು ಸ್ಕ್ಯಾನ್ ಮಾಡಿ, ಪಟವಾಗಿ ಪುಟದ ನೆತ್ತಿಯ ಮೇಲೆ ಕೂಡಿಸಿದೆ. ಅದರಡಿ ಇಂಗ್ಲಿಷಿನಲ್ಲೂ ಹಾಕಿದೆ. ನಾವು ಬರೆದದ್ದು ಇಷ್ಟು: 'ಸದ್ದು ಮಾಡಬೇಡಿ. ರಾಜ ರಾಣಿ ಮಲಗಿದ್ದಾರೆ. ನವರಾತ್ರಿಯ ಪಾಡ್ಯದ ಬೆಳಗ್ಗೆ ನಿಮ್ಮ ಮನೆಯಲ್ಲಿ ಮೊದಲ ಸಲ ಎದ್ದು ನಿಲ್ಲುತ್ತಾರೆ. ಅವರು ನಿಂತಿದ್ದನ್ನು ಉಡಿಸಿದವರೂ ಕಂಡಿಲ್ಲ.'

ಕಡೆಯ ಸಾಲು ನಾನು ಸೇರಿಸಿದ್ದಲ್ಲ. "ನೀವು ಇಷ್ಟು ವರ್ಷ ಮಾಡಿದೀರಲ್ಲ, ನಿಂತಾಗ ಹೇಗೆ ಕಾಣುತ್ತವೆ?" ಎಂದು ಕೇಳಿದ್ದಕ್ಕೆ, "ನಾನೆಲ್ ನೋಡಿವ್ನಿ ಕಣಮ್ಮ, ಕೊಂಡೋರ್ ಮನೇಲ್ ನಿಲ್ತವೆ," ಎಂದಿದ್ದರು. ಅವರ ಮನೆಯಲ್ಲಿ ಇದ್ದದ್ದು ಅಜ್ಜಿ ಉಡಿಸಿಕೊಟ್ಟ ಹಳೆಯ ಜೋಡಿ.

ನಾಗಪುರಕ್ಕೂ ರಾಯಪುರಕ್ಕೂ ಉತ್ತರ ಬರೆದೆ. ಸಂಜೆಯ ಬ್ಯಾಚ್ ಮುಗಿಯುವುದರೊಳಗೆ ರಾಯಪುರದಿಂದ ಜವಾಬು ಬಂತು. 'ಮಗಳು ಅಳು ನಿಲ್ಲಿಸಿದ್ದಾಳೆ. ಮನೆಯವರೆಲ್ಲ ಪಿಸುಮಾತಿನಲ್ಲಿ ಮಾತಾಡಬೇಕಂತೆ. ಪಾಡ್ಯದ ದಿನ ಅವರನ್ನು ಎಬ್ಬಿಸುವವಳು ತಾನೇ ಅಂತೆ. ದಯವಿಟ್ಟು ಒಂದು ಜೋಡಿ ಕಳಿಸಿ.'

ಅದು ನಮ್ಮ ಮೊದಲ ಆರ್ಡರ್.

ಮಾರನೆಯ ಬೆಳಗ್ಗೆ ನಾಗಪುರ. ಅದರ ಮಾರನೆಯ ದಿನ ಕೊಯಮತ್ತೂರು, ಪುಣೆ, ಭಿಲಾಯಿ. ನೋಡಿದವರು ತಮ್ಮ ಗೆಳತಿಯರಿಗೆ ಲಿಂಕನ್ನು ಫಾರ್ವರ್ಡ್ ಮಾಡುತ್ತಿದ್ದರು, ಅಂದರೆ ಬಂದ ಪತ್ರವನ್ನು ಹಾಗೇ ಮುಂದಿನವರಿಗೆ ದಾಟಿಸುವುದು. ಈಗಿನವರು ವೈರಲ್ ಎನ್ನುವುದರ ತಾಯಿ ಅದು. ಕೌಂಟರನ್ನು ನಾವು ಮುಟ್ಟದಿದ್ದರೂ ತಾನಾಗಿ ಓಡುತ್ತಿತ್ತು.

ಹಣ ಮೊದಲೇ ಕಳಿಸಲು ಯಾರಿಗೂ ಧೈರ್ಯವಿರಲಿಲ್ಲ, ಅದು ಸಹಜ. ಅಂಚೆ ಕಚೇರಿಯ ವಿ.ಪಿ.ಪಿ. ನಮ್ಮ ಕೈಹಿಡಿಯಿತು: ಅಂಚೆಯವನು ಪಾರ್ಸೆಲ್ ಕೊಟ್ಟು, ಅಲ್ಲೇ ಹಣ ಪಡೆದು, ನಮಗೆ ಮನಿಯಾರ್ಡರ್ ಮಾಡುವ ಪದ್ಧತಿ. ಪ್ರತಿ ಪೆಟ್ಟಿಗೆಯ ಮೇಲೂ ದೇವೀರಮ್ಮ ನನ್ನಿಂದ 'ಮಲಗಿದ್ದಾರೆ, ಮೆಲ್ಲಗೆ' ಎಂದು ಬರೆಸಿದರು. ಅಂಚೆ ಗುಮಾಸ್ತರು ಅದನ್ನು ಓದಿ ಕನ್ನಡಕ ಇಳಿಸಿದರು.

"ಯಾರಮ್ಮ ಮಲಗಿರೋದು? ಜೀವ ಇರೋದನ್ನೆಲ್ಲ ಪಾರ್ಸೆಲ್‌ನಲ್ಲಿ ತಗೊಳ್ಳೋದಿಲ್ಲ."

"ಪಾಡ್ಯದ್ ದಿನ ಬತ್ತದೆ ಸ್ವಾಮಿ ಜೀವ. ಅಷ್ಟ್ರೊಳಗೆ ತಲುಪಿಸ್‌ಬುಡಿ."

ಗುಮಾಸ್ತರು ಮುದ್ರೆಯನ್ನು ಎಂದಿನಂತೆ ಕುಟ್ಟದೆ ಒತ್ತಿ ತೆಗೆದರು. ಪಿತೃಪಕ್ಷ ಶುರುವಾಗುವ ಹೊತ್ತಿಗೆ ದೇವೀರಮ್ಮನ ಕೋಣೆಯಲ್ಲಿ ಬರಿಯ ಪಂಚೆಗಳು ಉಳಿದಿದ್ದವು.

ಮಹಾಲಯದ ಹಿಂದಿನ ದಿನ ಪೇಟೆಯ ಅಂಗಡಿಯವರೇ ಓಣಿಗೆ ಬಂದರು. ಹಳೆಯ ಗಿರಾಕಿಗಳು ಅಚ್ಚಿನ ರಾಣಿಯನ್ನು ಕಂಡು ಮುಖ ತಿರುಗಿಸಿದ್ದರಂತೆ.

"ದೇವೀರಮ್ಮ, ಐದಾರು ಜೋಡಿನಾದ್ರೂ ಕೊಡಿ."

"ಎಲ್ಲಾ ಊರ್ ಬುಟ್ಟು ಓದ್ವು ಸಾವ್ಕಾರ್ರೆ. ಒಂದ್ ರಾಯಪುರ, ಒಂದ್ ಪುಣೆ. ಮುಂದಿನ್ ವರ್ಸ ಬೇಕಾದ್ರೆ ಕಂಪ್ಯೂಟರ್‌ನಲ್ಲಿ ಬರೀರಿ. ಫಾರಂ ಐತೆ," ಎಂದು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು.

ನವರಾತ್ರಿಯ ಎರಡನೆಯ ದಿನ ನಾನು ಕೇಂದ್ರದಲ್ಲಿ ಮೇಲ್ ತೆರೆದರೆ ರಾಯಪುರದ ಪತ್ರದ ಜೊತೆ ಒಂದು ಅಟ್ಯಾಚ್‌ಮೆಂಟ್ ಇತ್ತು. ಲಕೋಟೆಯೊಳಗೆ ಪತ್ರದ ಜೊತೆ ಫೋಟೋ ಇಟ್ಟು ಕಳಿಸುವಂತೆ ಇ-ಮೇಲ್ ಜೊತೆ ಬರುವ ಪಟ ಅದು. ಹುಡುಗಿಯೊಬ್ಬಳನ್ನು ಓಡಿಸಿ ದೇವೀರಮ್ಮನನ್ನು ಕರೆಸಿದೆ. ಅವರು ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಪರದೆಯ ಮುಂದೆ ಕೂತರು.

ಡಯಲ್-ಅಪ್ಪಿನಲ್ಲಿ ಪಟ ಒಮ್ಮೆಗೇ ಬರುತ್ತಿರಲಿಲ್ಲ. ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಮಾವಿನ ತೋರಣ ಬಂತು. ಆಮೇಲೆ ಜರಿ ಪೇಟದ ತುರಾಯಿ. ಹಣೆ, ಕಣ್ಣು, ಮಣಿಯ ಸರ. ಡಾಬಿನವರೆಗೆ ಬಂದು ನಿಂತುಬಿಟ್ಟಿತು. ಬ್ಯಾಚಿನ ಹುಡುಗಿಯರೆಲ್ಲ ಕುರ್ಚಿ ಬಿಟ್ಟು ಹಿಂದೆ ನೆರೆದಿದ್ದರು. ಮತ್ತೆ ಗೆರೆ ಇಳಿಯಿತು: ನೆರಿಗೆ, ನೆರಿಗೆಯ ಅಂಚು, ಕೊನೆಗೆ ಪೀಠ. ಪಕ್ಕದಲ್ಲಿ, ಹಲ್ಲು ಬಿದ್ದ ಒಂದು ಹುಡುಗಿ, ಕೈಕಟ್ಟಿ, ಗೊಂಬೆಗಳಷ್ಟೇ ನೆಟ್ಟಗೆ ನಿಂತಿತ್ತು.

ದೇವೀರಮ್ಮ ಬೆರಳಿನಿಂದ ಪರದೆಯ ಮೇಲಿನ ರಾಣಿಯನ್ನು ಮುಟ್ಟಿದರು.

"ನಿಂತವ್ಳೆ," ಎಂದರು. "ನೆರ್ಗೆ ನೆಲ ಮುಟ್ಟೈತೆ, ನೋಡಿ ಟೀಚರಮ್ಮ. ಅಳ್ತೆ ಸರ್ಯಾಗೈತೆ. ನಿಂತ್ರೆ ಇಂಗ್ ಕಾಣ್ತಳೆ ಅಂತ ನಾನ್ ಅಂದ್ಕಂಡೇ ಇರ್ಲಿಲ್ಲ."

ಆ ವಾರವೆಲ್ಲ ಅಟ್ಯಾಚ್‌ಮೆಂಟುಗಳು ಬಂದವು. ಹೆಬ್ಬಾಳದ ಪ್ಯಾಕಿಂಗ್ ಕೆಲಸಕ್ಕೆ ಬರುವುದಿಲ್ಲವೆಂದು ನಾದಿನಿಗೆ ಹೇಳಿ ಕಳಿಸಿದರು. ಮುಂದಿನ ಯುಗಾದಿಗೆ ರೇಷ್ಮೆ ಬಂತು. ನನ್ನ ಬ್ಯಾಚಿನ ಇಬ್ಬರು ನೆರಿಗೆ ಹಿಡಿಯಲು ಅವರ ಪಕ್ಕ ಕೂತರು. ಆ ಪುಕ್ಕಟೆ ಸರ್ವರ್ ಎಂದೋ ಬಾಗಿಲು ಹಾಕಿದೆ. ಗೊಂಬೆಗಳು ಈಗಲೂ ಮಲಗಿಕೊಂಡೇ ಊರೂರಿಗೆ ಹೋಗುತ್ತವೆ.

ಆ ಮೇಲೆ ಎಷ್ಟೋ ವೆಬ್‌ಸೈಟು ಮಾಡಿದ್ದೇನೆ, ಎಷ್ಟೋ ಬ್ಯಾಚಿಗೆ ಪಾಠ ಹೇಳಿದ್ದೇನೆ. ತಂತ್ರದ ಹೆಸರುಗಳು ಬದಲಾಗುತ್ತಲೇ ಇವೆ. ಕೆಲಸ ನನಗೆ ಕಲಿಸಿದ್ದು ಮಾತ್ರ ಬದಲಾಗಿಲ್ಲ: ಪರದೆಯ ಆಚೆ ಇರುವವರು ನಮ್ಮ ಓಣಿಯವರಲ್ಲ. ನಮಗೆ ಹೇಳಬೇಕೆಂದೇ ತೋರದ ಮಾತು ಯಾವುದೋ, ಅದನ್ನೇ ಅವರಿಗೆ ಮೊದಲು ಹೇಳಬೇಕು. ಹಾಗೆ ಹೇಳಿದರೆ ನಮ್ಮ ನಡಾವಳಿಯನ್ನು ಬಿಡಬೇಕಾಗಿಲ್ಲ. ಅವರೇ ಬಂದು ಅದರ ಕಾವಲಿಗೆ ನಿಲ್ಲುತ್ತಾರೆ.

ಆ ವರ್ಷದ ವಿಜಯದಶಮಿಯ ಸಂಜೆ ನಾನೂ ಯಜಮಾನರೂ ದೇವೀರಮ್ಮನ ಮನೆಗೆ ಹೋದೆವು. ಅಜ್ಜಿಯ ಹಳೆಯ ಜೋಡಿಗೆ ಆರತಿಯಾಯಿತು. ಪ್ರತಿವರ್ಷ ರಾಜನನ್ನೇ ಮೊದಲು ಮಲಗಿಸುವುದು ರೂಢಿ. ಯಜಮಾನರು ಅವನತ್ತ ಕೈ ಚಾಚಿದರು.

"ತಾಳಿ ಸ್ವಾಮಿ," ಎಂದರು ದೇವೀರಮ್ಮ. "ಈ ವರ್ಸ ಅವ್ಳು ಎಷ್ಟ್ ಊರ್ ಸುತ್ತವ್ಳೆ. ಮೊದ್ಲು ಅವ್ಳ್ ಮಲಗ್ಲಿ." ರಾಣಿಯನ್ನು ಮಡಿಲಿಗೆ ತೆಗೆದುಕೊಂಡು, ನೆರಿಗೆ ಸವರಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ರಾಜ ಸ್ವಲ್ಪ ಹೊತ್ತು ಒಬ್ಬನೇ ನಿಂತಿದ್ದ.

ಊಟಕ್ಕೆ ಬೇಳೆ ಒಬ್ಬಟ್ಟು, ಒಬ್ಬಟ್ಟಿನ ಸಾರು, ಸೌತೆಕಾಯಿ ಕೋಸಂಬರಿ, ಕಡಲೆಕಾಳಿನ ಗುಗ್ಗರಿ. ಯಜಮಾನರು ಸಾರನ್ನು ಎರಡು ಸಲ ಹಾಕಿಸಿಕೊಂಡರು. ಮನೆಗೆ ಬಂದು ನಾನು ಹಾಲಿಗೆ ಹೆಪ್ಪು ಹಾಕಲು ಹೊರಟರೆ, ಅವರು ಪಾತ್ರೆಯನ್ನು ಕೈಯಿಂದ ತೆಗೆದುಕೊಂಡು, ಬಾಗಿಲ ಮೊಳೆಯಲ್ಲಿದ್ದ ಸ್ಲೇಟನ್ನು ತಂದು, 'ನೈಟ್ ಶಿಫ್ಟ್' ಎಂಬುದನ್ನಷ್ಟೇ ಒರೆಸಿ, ಕೋಣೆಯ ಚಿಲಕಕ್ಕೆ ಸಿಕ್ಕಿಸಿದರು. ಅಂದು ನಮ್ಮ ಮನೆಯಲ್ಲಿ ಮೊದಲು ಮಲಗಿದವಳು ನಾನು.